ರಕ್ಕಸ ಉಪ್ಪು ನೋಡಿದ ಸಿನಿಮಾ

ಕುರುಗೋಡಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ‘ಮರಿಬಸಪ್ಪನ ಹೋಟೆಲು ಎಲ್ಲಿ’ ಎಂದು ಕೇಳಿದರೆ ಜನ ಒಂದು ಗಳಿಗೆ ಯೋಚನೆ ಮಾಡುತ್ತಾರೆ. ‘ರಕ್ಕಸನ ಹೋಟ್ಲು’ ಎಂದು ಕೇಳಿ ನೋಡಿ, ಜೊತೆಗೇ ಬಂದು ಬಾಗಿಲಲ್ಲಿ ಬಿಟ್ಟು, ತಾವೂ ಒಂದು ಪ್ಲೇಟು ಮಂಡಕ್ಕಿ ಒಗ್ಗರಣಿ ತಿಂದು ಹೋಗುತ್ತಾರೆ. ತಗಡಿನ ಮಾಡು, ನಾಲ್ಕು ಬೆಂಚು, ಗಾಜಿನ ಕಪಾಟಿನ ತುಂಬ ಬಿಸಿ ಮಿರ್ಚಿ. ಹೆಸರಿನ ಬೋರ್ಡೂ ಉಂಟು. ಅದರ ಅಕ್ಷರಗಳು ಬಿಸಿಲಿಗೆ ಹಾರಿಹೋಗಿ ಹತ್ತು ವರ್ಷವಾಯಿತು, ಅದರಿಂದ ವ್ಯಾಪಾರಕ್ಕೆ ಏನೂ ಕುಂದು ಬಂದಿಲ್ಲ.

ರಕ್ಕಸ ಎನ್ನುವುದು ಬೈಗುಳವಲ್ಲ, ಬಿರುದು. ಊರಿನ ಬಯಲಾಟದ ಮೇಳದಲ್ಲಿ ಮೂವತ್ತು ವರ್ಷದಿಂದ ಪ್ರಸಂಗ ಯಾವುದೇ ಇರಲಿ, ಅದರೊಳಗಿನ ರಕ್ಕಸ ಮರಿಬಸಪ್ಪನೇ. ರಕ್ಕಸನಿಲ್ಲದ ಪ್ರಸಂಗವನ್ನು ಆ ಮೇಳ ಎತ್ತಿಕೊಳ್ಳುವುದೇ ಇಲ್ಲ, ಏಕೆಂದರೆ ಮರಿಬಸಪ್ಪ ಮುನಿಸಿಕೊಳ್ಳುತ್ತಾನೆ. ಬಯಲಾಟದಲ್ಲಿ ಒಂದು ಪದ್ಧತಿ ಇದೆ. ಪಾತ್ರಧಾರಿ ಕುಣಿಯುತ್ತ ರಂಗಕ್ಕೆ ಬಂದೊಡನೆ ಸಾರಥಿ ಎನ್ನುವವನು ಎದುರಾಗಿ, ಬಂದವರು ಯಾರು, ಯಾವ ಸೀಮೆ, ಏನು ಪ್ರತಾಪ ಎಂದು ವಿಚಾರಿಸಬೇಕು. ಆಗ ಪಾತ್ರಧಾರಿ ತನ್ನ ದೊಡ್ಡಸ್ತಿಕೆಯನ್ನು ತಾನೇ ಬಾಯಿ ತುಂಬ ಹೇಳಿಕೊಳ್ಳಬೇಕು. ಬೇರೆಯವರು ಐದು ನಿಮಿಷದಲ್ಲಿ ಮುಗಿಸುವ ಈ ಪರಿಚಯಕ್ಕೆ ಮರಿಬಸಪ್ಪನಿಗೆ ಮುಕ್ಕಾಲು ಗಂಟೆ ಬೇಕು. ಮೇಳದ ಸಾರಥಿ ಸುಂಕಪ್ಪ, ರಕ್ಕಸ ಪರಿಚಯ ಹೇಳಿಕೊಳ್ಳುವಾಗ ರಂಗದ ಹಿಂದೆ ಹೋಗಿ ಚಹಾ ಕುಡಿದು, ಬೀಡಿ ಸೇದಿ, ಬಾಯಿ ಮುಕ್ಕಳಿಸಿ ಬಂದರೂ ಮಾತು ಇನ್ನೂ ಅಜ್ಜನ ಪ್ರತಾಪದಲ್ಲೇ ಇರುತ್ತದಂತೆ.

ಇಂಥ ಮನುಷ್ಯ ಬೆಳಿಗ್ಗೆ ಹೋಟೆಲಿನಲ್ಲಿ ಮಾತ್ರ ಮೆತ್ತಗೆ ಮಾತಾಡುತ್ತಾನೆಯೇ? ‘ಒಂದು ಪ್ಲೇಟು ಒಗ್ಗರಣಿ’ ಎಂದು ಅವನು ಒಳಗೆ ಕೂಗಿದರೆ ಕಂಪ್ಲಿಗೆ ಹೊರಟ ಬಸ್ಸು ಒಮ್ಮೆ ನಿಂತು ನೋಡುತ್ತಿತ್ತು. ಹೋಟೆಲಿಗೆ ಎರಡು ಭಾಗ. ರಸ್ತೆಗೆ ಮುಖ ಮಾಡಿದ್ದು ಮರಿಬಸಪ್ಪನದು, ಅಲ್ಲಿ ಮಾತು. ಹಿಂದಿನದು ಅವನ ಹೆಂಡತಿ ಶಿವಬಸಮ್ಮನದು, ಅಲ್ಲಿ ಕೆಲಸ. ತಿಂದವರು ರುಚಿಯನ್ನು ಹೊಗಳಿದಾಗ ಮರಿಬಸಪ್ಪ ‘ಎಲ್ಲಾ ಕೈಗುಣ’ ಎಂದು ತನ್ನ ಕೈಯನ್ನೇ ಎತ್ತಿ ತೋರಿಸುತ್ತಿದ್ದ. ಆ ಕೈ ಹೋಟೆಲು ಇಟ್ಟ ಮೂವತ್ತೊಂದು ವರ್ಷದಲ್ಲಿ ಒಂದು ಈರುಳ್ಳಿಯ ಸಿಪ್ಪೆಯನ್ನೂ ಸುಲಿದದ್ದಲ್ಲ. ಸುಳ್ಳು ಹೇಳಬೇಕೆಂದು ಹೇಳುತ್ತಿದ್ದನೆಂದಲ್ಲ. ಹಿಂದಿನ ಭಾಗದಲ್ಲಿ ಆಗುವುದೆಲ್ಲ ನೀರು ಬಂದ ಹಾಗೆ, ಬೆಳಕು ಹರಿದ ಹಾಗೆ ತಾನಾಗಿ ಆಗುತ್ತದೆ ಎಂದೇ ಅವನು ನಂಬಿದ್ದ.

ಅವನ ಬದುಕಿನಲ್ಲಿ ಉಳಿದಿದ್ದ ಆಸೆ ಒಂದೇ, ಸಿನಿಮಾದಲ್ಲಿ ಕಾಣಿಸಿಕೊಳ್ಳಬೇಕು. ಇಪ್ಪತ್ತು ವರ್ಷದ ಹಿಂದೆ ಯಾವುದೋ ಸಿನಿಮಾದವರು ಊರ ಗುಡ್ಡದ ಹತ್ತಿರ ಬಂದು ಗುಂಪಿನ ದೃಶ್ಯಕ್ಕೆ ಮಂದಿ ಬೇಕು ಎಂದಾಗ ಮರಿಬಸಪ್ಪ ಎಲ್ಲರಿಗಿಂತ ಮುಂದೆ ಓಡಿದ್ದ. ಆ ಸಿನಿಮಾ ಬಳ್ಳಾರಿಗೆ ಬಂದಾಗ ಇಡೀ ಮೇಳ ಹೋಗಿ ನೋಡಿತು. ಪರದೆಯ ಮೇಲೆ ಮರಿಬಸಪ್ಪನ ಎಡಗೈ ಕಾಣಿಸಿತು. ಉಳಿದ ಮರಿಬಸಪ್ಪ ಒಂದು ಎತ್ತಿನ ಹಿಂದೆ ಇದ್ದ. ಸುಂಕಪ್ಪ ಆ ಎತ್ತಿನ ವಿಷಯವನ್ನು ಇವತ್ತಿಗೂ ಬಿಟ್ಟಿಲ್ಲ. ಹೋಟೆಲಿನಲ್ಲಿ ಕೂತಾಗಲೆಲ್ಲ, ಎತ್ತು ಚೆನ್ನಾಗಿ ಪಾರ್ಟು ಮಾಡಿತ್ತು ಎಂದು ನಾಲ್ಕು ಜನರಿಗೆ ಕೇಳುವ ಹಾಗೆ ಹೇಳುತ್ತಾನೆ.

ಹೀಗಿರುವಾಗ ಒಂದು ದಿನ ಬಳ್ಳಾರಿಯ ಪಾರ್ವತಿನಗರದಿಂದ ಅನಿತಾ ಎನ್ನುವವಳು ಬಂದಳು. ಮೂವತ್ತರ ಆಜುಬಾಜಿನ ಹೆಣ್ಣುಮಗಳು, ಮದುವೆಯ ವಿಡಿಯೋ ತೆಗೆದು ಹೊಟ್ಟೆ ಹೊರೆಯುವವಳು. ಉಳಿದ ಹೊತ್ತಿನಲ್ಲಿ ತನ್ನ ಖುಷಿಗೆ ಸಣ್ಣ ಸಣ್ಣ ಸಿನಿಮಾ ಮಾಡುತ್ತಿದ್ದಳು. ಅವುಗಳಲ್ಲಿ ಹಾಡಿಲ್ಲ, ಹೊಡೆದಾಟವಿಲ್ಲ, ಮಾತು ಕೂಡ ಇಲ್ಲ. ಬಳ್ಳಾರಿಯಲ್ಲಿ ಹೊಲಿದ ಜೀನ್ಸ್ ಪ್ಯಾಂಟುಗಳ ಎಳೆ ಕತ್ತರಿಸುತ್ತ ಕೂತ ಒಬ್ಬ ಮುದುಕಿಯನ್ನು ಹದಿನೈದು ನಿಮಿಷ ತೋರಿಸಿ ‘ಇದೇ ಸಿನಿಮಾ’ ಎಂದು ಹೇಳಿ ಬಂದಿದ್ದವಳು. ನೋಡಿದವರಲ್ಲಿ ಅರ್ಧ ಜನ ಎದ್ದು ಹೋಗಿದ್ದರಂತೆ, ಇನ್ನರ್ಧ ಜನ ಮನೆಗೆ ಹೋಗಿ ತಮ್ಮ ಪ್ಯಾಂಟಿನ ಹೊಲಿಗೆಯನ್ನು ತಿರುವಿ ನೋಡಿಕೊಂಡಿದ್ದರಂತೆ. ಅವಳು ಮೂರು ದಿನ ರಕ್ಕಸನ ಹೋಟೆಲಿಗೆ ಬಂದು ಒಗ್ಗರಣಿ ತಿಂದು, ಸುಮ್ಮನೆ ಕೂತು ಹೋದಳು. ನಾಲ್ಕನೆಯ ದಿನ ಮರಿಬಸಪ್ಪ ಕೂರುವ ಗಲ್ಲಾಪೆಟ್ಟಿಗೆಯ ಹತ್ತಿರ ಬಂದಳು.

“ಯಜಮಾನ್ರ, ನಿಮ್ಮ ಹೋಟ್ಲಿನ ಮ್ಯಾಲೆ ಒಂದು ಸಣ್ಣ ಸಿನಿಮಾ ಮಾಡಬೇಕಂತ ಐತಿ. ಬೆಳಿಗ್ಗಿ ಇಲ್ಲಿ ಏನೇನು ನಡಿತೈತೋ ಅಷ್ಟ. ಮಾತುಕತಿ ಏನೂ ಇರಂಗಿಲ್ಲ.”

ಮರಿಬಸಪ್ಪನ ಕಿವಿಗೆ ಬಿದ್ದದ್ದು ‘ನಿಮ್ಮ’ ಮತ್ತು ‘ಸಿನಿಮಾ’ ಎನ್ನುವ ಎರಡು ಮಾತು. ಉಳಿದದ್ದು ಗಾಳಿಗೆ ಹೋಯಿತು. ಅವತ್ತು ಮಧ್ಯಾಹ್ನದೊಳಗೆ ಅವನು ಊರಿಗೆಲ್ಲ ಡಂಗುರ ಹೊಡೆದಾಗಿತ್ತು. ಬಳ್ಳಾರಿಯ ಮೇಡಂ ಒಬ್ಬರು ತನ್ನನ್ನು ಹೀರೋ ಮಾಡಿ ಸಿನಿಮಾ ತೆಗೆಯುತ್ತಾರೆಂದೂ, ಈ ಸಲ ನಡುವೆ ಎತ್ತು ಗಿತ್ತು ಏನೂ ಇಲ್ಲವೆಂದೂ ಸುಂಕಪ್ಪನ ಮುಖಕ್ಕೇ ಹೇಳಿ ಬಂದ. ಒಂದು ರೇಷ್ಮೆ ಅಂಗಿ ಹೊಲಿಸಿದ. ಮೀಸೆಗೆ ಬಣ್ಣ ಹಚ್ಚಿದ. ಶಿವಬಸಮ್ಮನಿಗೆ ವಿಷಯ ಹೇಳಿದಾಗ ಅವಳು, ಆ ಅಂಗಿಗೆ ಎಣ್ಣೆ ಸಿಡಿದರೆ ಕಲೆ ಹೋಗುವುದಿಲ್ಲ ಎಂದಷ್ಟೇ ಹೇಳಿದಳು.

ಚಿತ್ರೀಕರಣದ ಮೊದಲ ದಿನ ಬೆಳಿಗ್ಗೆ ಆರಕ್ಕೆ ಅನಿತಾ ಬಂದಳು. ಜೊತೆಗೆ ಸದ್ದು ಹಿಡಿಯುವ ಕೆಲಸಕ್ಕೆ ಸಿರುಗುಪ್ಪದ ಹಂಪೇಶ ಬಂದಿದ್ದ. ನಲವತ್ತೈದು ದಾಟಿದ ಆಸಾಮಿ. ಮದುವೆ ಮೆರವಣಿಗೆಗೆ ಆಳೆತ್ತರದ ಸೌಂಡ್ ಬಾಕ್ಸ್ ಬಾಡಿಗೆಗೆ ಕೊಡುವುದು ಅವನ ದಂಧೆ. ಸಿರುಗುಪ್ಪದ ಅಕ್ಕಿ ಗಿರಣಿಗಳ ಗೋಡೆ ನಡುಗಿಸಿ, ಅಲ್ಲಿಯ ಹಿರಿಯರಿಂದ ದಿನಕ್ಕೆರಡು ಸಲ ಬೈಸಿಕೊಳ್ಳುವವನು. ಅಂಥವನಿಗೆ ಅನಿತಾ ವಹಿಸಿದ್ದ ಕೆಲಸ, ಒಣ ಮಂಡಕ್ಕಿ ನೀರಿಗೆ ಬಿದ್ದಾಗ ಆಗುವ ಸದ್ದನ್ನು ಹಿಡಿಯುವುದು. ತನ್ನ ಜೀವಮಾನದಲ್ಲಿ ಇಷ್ಟು ಸಣ್ಣ ಸದ್ದಿಗೆ ಮೈಕು ಹಿಡಿದಿಲ್ಲ ಎಂದು ಅವನು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದ.

ಅನಿತಾ ಮರಿಬಸಪ್ಪನಿಗೆ, ದಿನಾ ಮಾಡುವುದನ್ನೇ ಮಾಡಿ, ಕ್ಯಾಮೆರಾ ಇದೆ ಎನ್ನುವುದನ್ನೇ ಮರೆತುಬಿಡಿ ಎಂದಳು. ಅವನು ಆಗಲಿ ಎಂದು ತಲೆಯಾಡಿಸಿದ. ಕ್ಯಾಮೆರಾದ ಕೆಂಪು ದೀಪ ಹೊತ್ತಿತು. ಮರಿಬಸಪ್ಪ ಒಂದು ಪ್ಲೇಟನ್ನು ಎತ್ತಿಕೊಂಡ. ಎಡಗಾಲನ್ನು ನೆಲಕ್ಕೆ ಅಪ್ಪಳಿಸಿದ. ಬಲಗಾಲನ್ನು ಅರ್ಧ ಸುತ್ತು ತಿರುಗಿಸಿ ಇಟ್ಟ. ಹೆಜ್ಜೆ ಹಾಕುತ್ತ ಬಂದು, ಬೆಂಚಿನ ಮೇಲೆ ಕೂತಿದ್ದ ಕುಡತಿನಿಯ ಲಾರಿ ಡ್ರೈವರನ ಮುಂದೆ ಪ್ಲೇಟಿಟ್ಟು, ಕ್ಯಾಮೆರಾದ ಕಡೆ ತಿರುಗಿ, ಈ ಭೂಮಂಡಲದಲ್ಲಿ ತನ್ನ ಒಗ್ಗರಣಿಯ ಕೀರ್ತಿ ಎಲ್ಲಿಯವರೆಗೆ ಹಬ್ಬಿದೆ ಎಂದು ಶುರು ಮಾಡಿದ. ಹಂಪೇಶ ಕಿವಿಗೆ ಹಾಕಿಕೊಂಡದ್ದನ್ನು ಕಿತ್ತು ಬಿಸಾಡಿ ರಸ್ತೆಗೆ ಓಡಿದ. ಲಾರಿ ಡ್ರೈವರ್ ತಟ್ಟೆ ಬಿಟ್ಟು ಎದ್ದು ನಿಂತ.

ಅನಿತಾ ತಾಳ್ಮೆಯವಳು. ಮಾತು ಬೇಡ ಎಂದು ಇನ್ನೊಮ್ಮೆ ಬಿಡಿಸಿ ಹೇಳಿದಳು. ಮರಿಬಸಪ್ಪನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ.

“ಮಾತಿಲ್ಲ ಅಂದ್ರ ನಾ ಯಾರು ಅಂತ ಮಂದಿಗೆ ಹೆಂಗ ಗೊತ್ತಾಗಬೇಕು?”

“ಗೊತ್ತಾಗೂದು ಬ್ಯಾಡ್ರಿ. ನೋಡಿದ್ರ ಸಾಕು.”

ಯಾರೆಂದು ತಿಳಿಯದವನನ್ನು ಯಾರಾದರೂ ಯಾಕೆ ನೋಡುತ್ತಾರೆ ಎನ್ನುವುದು ಮರಿಬಸಪ್ಪನ ಪ್ರಶ್ನೆ. ಆದರೂ ಬಾಯಿ ಬಿಗಿ ಹಿಡಿದ. ಬಾಯಿ ಮುಚ್ಚಿದರೆ ಹುಬ್ಬು ಎದ್ದಿತು. ಹುಬ್ಬನ್ನು ಸುಮ್ಮನಿರಿಸಿದರೆ ಮೂಗಿನ ಹೊಳ್ಳೆ ಅರಳಿತು. ನೀರಿನ ತಂಬಿಗೆ ಇಡು ಎಂದರೆ ವೈರಿಯ ತಲೆಯನ್ನು ತಂದು ಒಪ್ಪಿಸಿದ ಹಾಗೆ ಇಟ್ಟ. ಒಮ್ಮೆ ಅಂತೂ ಎಲ್ಲ ಸರಿಯಾಗಿ, ಮುಖ ಸಪ್ಪಗೆ, ಕಾಲು ನೆಟ್ಟಗೆ ನಡೆದು ಬರುತ್ತಿದ್ದಾಗ ಎಲ್ಲಿಂದಲೋ ಸುಂಕಪ್ಪನ ದನಿ ಕೇಳಿತು, ಬಂದಂಥ ಮಹಾಶಯರು ಯಾರು ಎಂದು. ಪರಿಚಯವೇ ಇಲ್ಲದೆ ಪಾತ್ರ ಮಾಡುವುದು ಹೇಗೆ ಎಂದು ಮರಿಬಸಪ್ಪನೇ ಅವನನ್ನು ಕಪಾಟಿನ ಹಿಂದೆ ಕೂರಿಸಿದ್ದ. ಹದಿನಾಲ್ಕು ಸಲ ತೆಗೆದದ್ದರಲ್ಲಿ ಹದಿನಾಲ್ಕೂ ಹಾಳಾದವು.

ಅನಿತಾ ಒಂದು ಗ್ಲಾಸು ನೀರು ಕುಡಿದು, ಕ್ಯಾಮೆರಾವನ್ನು ಎತ್ತಿ, ಮೂತಿಯನ್ನು ಹಿಂದಿನ ಭಾಗಕ್ಕೆ ತಿರುಗಿಸಿದಳು. ಅಲ್ಲಿ ಶಿವಬಸಮ್ಮ ಬೆಳಗಿನಿಂದ ತಲೆ ಎತ್ತದೆ ತನ್ನ ಕೆಲಸದಲ್ಲಿದ್ದಳು. ಕ್ಯಾಮೆರಾ ತನ್ನ ಕಡೆ ತಿರುಗಿದ್ದನ್ನು ನೋಡಿ ಒಂದೇ ಮಾತು ಹೇಳಿದಳು.

“ನೀ ಏನರ ತಗಿಯವ್ವ, ಎಣ್ಣಿ ಹತ್ರ ಮಾತ್ರ ಬರಬ್ಯಾಡ. ಸಿಡಿತೈತಿ.”

ಆಮೇಲೆ ಅವಳು ಕ್ಯಾಮೆರಾವನ್ನು ಮರೆತೇಬಿಟ್ಟಳು. ಮರೆಯಲು ಪ್ರಯತ್ನವನ್ನೇನೂ ಮಾಡಲಿಲ್ಲ, ನೆನಪಿಟ್ಟುಕೊಳ್ಳಲು ಅವಳಿಗೆ ಪುರುಸೊತ್ತಿರಲಿಲ್ಲ. ಐದು ದಿನ ಕ್ಯಾಮೆರಾ ಅಲ್ಲಿಯೇ ನಿಂತಿತು. ಮರಿಬಸಪ್ಪ ಮುಂದಿನ ಭಾಗದಲ್ಲಿ ರೇಷ್ಮೆ ಅಂಗಿ ಹಾಕಿಕೊಂಡು, ಈಗ ತಿರುಗೀತು, ಆಗ ತಿರುಗೀತು ಎಂದು ಕಾದ. ಮೊದಲ ದಿನ ಸಿಟ್ಟು ಬಂತು. ಎರಡನೆಯ ದಿನ ಹೊಟ್ಟೆ ಉರಿಯಿತು, ಅದೂ ಸ್ವಂತ ಹೆಂಡತಿಯ ಮೇಲೆ. ಮೂರನೆಯ ದಿನಕ್ಕೆ ಹೆದರಿಕೆ ಶುರುವಾಯಿತು. ಊರಿನಲ್ಲಿ ಕ್ಷೌರದಂಗಡಿಯಿಂದ ಹಿಡಿದು ಸೊಸೈಟಿಯ ಕಟ್ಟೆಯವರೆಗೆ ಎಲ್ಲರೂ ಅವನನ್ನು ‘ಹೀರೋ’ ಎಂದೇ ಮಾತಾಡಿಸುತ್ತಿದ್ದರು. ಎಡಗೈಯಾದರೂ ಕಂಡಿದ್ದ ಹಿಂದಿನ ಸಿನಿಮಾವೇ ಲೇಸಾಗಿತ್ತು ಎನ್ನುವ ಗತಿ ಬಂದರೆ ಸುಂಕಪ್ಪ ಸಾಯುವವರೆಗೂ ಬಿಡುವುದಿಲ್ಲ. ಐದನೆಯ ದಿನ ಅನಿತಾ ಸಾಮಾನು ಕಟ್ಟುವಾಗ ಅವನು ಅಂಗಿಯ ತುದಿ ಹಿಂಡುತ್ತ ಹತ್ತಿರ ಹೋಗಿ ನಿಂತ. ಮೂವತ್ತು ವರ್ಷದಲ್ಲಿ ಅಷ್ಟು ಸಣ್ಣ ದನಿ ಆ ಗಂಟಲಿಂದ ಹೊರಟಿರಲಿಲ್ಲ.

“ನಾಕು ಮಂದಿ ಮುಂದ ಹೇಳ್ಕೊಂಡೀನವ್ವ. ಇದರಾಗ ನಾ ಇಲ್ಲ ಅಂದ್ರ ಊರಾಗ ತಲಿ ಎತ್ತಿ ತಿರಗಾಕ ಆಗಂಗಿಲ್ಲ.”

ಅನಿತಾಳಿಗೆ ನಗು ಬಂತು, ಜೊತೆಗೆ ಕನಿಕರವೂ ಬಂತು. “ನೀವೂ ಅದೀರಿ, ಯಜಮಾನ್ರ. ಛಲೋ ಜಾಗದಾಗ ಅದೀರಿ. ಯಾವುದು ಅಂತ ಹೇಳಂಗಿಲ್ಲ. ಹೇಳಿದ್ರ ನೀವು ಅದನ್ನ ಇನ್ನೊಮ್ಮಿ ಮಾಡಿ ತೋರಸ್ತೀರಿ.”

ಈ ಒಂದು ಮಾತನ್ನು ಹಿಡಿದುಕೊಂಡು ಮರಿಬಸಪ್ಪ ನಾಲ್ಕು ತಿಂಗಳು ಜೀವ ಹಿಡಿದ. ಯಾವ ಜಾಗ? ತಂಬಿಗೆ ಇಟ್ಟದ್ದೇ? ಹುಬ್ಬು ಎತ್ತಿದ್ದೇ? ಏಳನೆಯ ಸಲ ತಿರುಗಿದಾಗ ಮೀಸೆಯ ಮೇಲೆ ಬೆಳಕು ಬಿದ್ದಿತ್ತು, ಅದೇ ಇರಬೇಕು ಎಂದು ಒಂದು ವಾರ ಅಂದುಕೊಂಡ. ಊರಿನವರಿಗೆ, ಪಾರ್ಟು ಸಣ್ಣದು, ಆದರೆ ಇಡೀ ಸಿನಿಮಾ ನಿಂತಿರುವುದೇ ಅದರ ಮೇಲೆ ಎಂದು ಹೇಳತೊಡಗಿದ. ಹೆಂಡತಿ ಅದರಲ್ಲಿ ಇದ್ದಾಳೆ ಎನ್ನುವುದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಅವಳೂ ಹೇಳಲಿಲ್ಲ, ಅವಳನ್ನು ಯಾರೂ ಕೇಳಿರಲಿಲ್ಲ.

ಶ್ರಾವಣ ಮುಗಿದ ಮೇಲೆ ಫೋನು ಬಂತು. ಬಳ್ಳಾರಿಯ ಗಾಂಧಿನಗರದ ಒಂದು ಸಭಾಭವನದಲ್ಲಿ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಸಿನಿಮಾ ತೋರಿಸುತ್ತಾರೆ, ಇಬ್ಬರೂ ಬರಬೇಕು ಎಂದಳು ಅನಿತಾ. ಮರಿಬಸಪ್ಪ ಇಬ್ಬರನ್ನು ಹದಿನಾರು ಮಾಡಿಕೊಂಡ. ಮೇಳವೇ ಒಂದು ಕ್ರೂಸರ್ ಗಾಡಿಯಲ್ಲಿ ಒತ್ತಿಕೊಂಡು ಹೊರಟಿತು. ಶಿವಬಸಮ್ಮ ಬರಲು ಒಲ್ಲೆ ಎಂದಳು. ತನ್ನ ಮುಖವನ್ನು ಬೋಗುಣಿಯ ನೀರಿನಲ್ಲಿ ದಿನಾ ನೋಡುತ್ತೇನೆ, ಅದಕ್ಕಾಗಿ ಬಳ್ಳಾರಿಗೆ ಹೋಗಬೇಕೇ ಎಂದು ಅವಳ ವಾದ. ಕೊನೆಗೆ ಹೋಟೆಲು ಹೇಗೂ ಬಾಗಿಲು ಹಾಕಿರುತ್ತದಲ್ಲ ಎಂದು ಬಂದು, ಹಿಂದಿನ ಸೀಟಿನಲ್ಲಿ ಹಾರ್ಮೋನಿಯಂ ಪೆಟ್ಟಿಗೆಯ ಪಕ್ಕದಲ್ಲಿ ಕೂತಳು. ಹಾರ್ಮೋನಿಯಂ ಯಾಕೆ ಬಂದಿತ್ತೆಂದು ಕೇಳಬೇಡಿ, ಬೇಕಾದೀತು ಎಂದು ಸುಂಕಪ್ಪ ಹೇರಿಸಿದ್ದ.

ಮೇಳದವರ ಜೇಬಿನಲ್ಲಿ ಹತ್ತರ, ಐವತ್ತರ ನೋಟುಗಳೂ ಪಿನ್ನುಗಳೂ ಇದ್ದವು. ಬಯಲಾಟದಲ್ಲಿ ಪಾತ್ರ ಮೆಚ್ಚಿಗೆಯಾದರೆ ನೋಡುವವರು ಆಟದ ನಡುವೆಯೇ ರಂಗ ಹತ್ತಿ ಪಾತ್ರಧಾರಿಯ ಎದೆಗೆ ನೋಟು ಚುಚ್ಚುತ್ತಾರೆ. ಇಂಥವರಿಂದ ಇಂಥವರಿಗೆ ಎಂದು ಮೈಕಿನಲ್ಲಿ ಕೂಗಿಸುತ್ತಾರೆ. ಸಿನಿಮಾಕ್ಕೆ ಹೋಗುವುದು ಸರಿ, ನಮ್ಮ ಕಲಾವಿದನ ಮುಂದೆ ಬರಿಗೈಯಲ್ಲಿ ಹೋಗುವುದೇ ಎಂದು ಎಲ್ಲರೂ ತಯಾರಾಗಿ ಬಂದಿದ್ದರು. ಸಭಾಭವನದಲ್ಲಿ ಕಾಲೇಜಿನ ಮೇಷ್ಟರುಗಳು, ಹುಡುಗ ಹುಡುಗಿಯರು, ಕನ್ನಡಕ ಹಾಕಿದ ನಾಲ್ಕೈದು ಹಿರಿಯರು ಉಸಿರು ಬಿಗಿಹಿಡಿದ ಹಾಗೆ ಕೂತಿದ್ದರು. ನಮ್ಮವರು ಮುಂದಿನ ಎರಡು ಸಾಲು ಹಿಡಿದರು. ದೀಪ ಆರಿತು.

ಮೊದಲು ಸದ್ದು ಬಂತು. ಜರ್ ಎಂದು ಮಂಡಕ್ಕಿ ನೀರಿಗೆ ಬಿದ್ದ ಸದ್ದು. ಆ ಗರಿಗರಿ ಸದ್ದು ನೀರೊಳಗೆ ಮೆತ್ತಗಾಗುತ್ತ ಆಗುತ್ತ ನಿಂತುಹೋಯಿತು. ಹಿಂದಿನ ಸಾಲಿನಲ್ಲಿದ್ದ ಹಂಪೇಶ ಮುಂದೆ ಬಾಗಿ, ಇದು ತನ್ನದು ಎಂದು ಮರಿಬಸಪ್ಪನ ಕಿವಿಯಲ್ಲಿ ಹೇಳಿದ. ಆಮೇಲೆ ಪರದೆಯ ಮೇಲೆ ಎರಡು ಕೈ ಕಂಡವು. ಆ ಕೈ ಬಳೆಗಳನ್ನು ಮೊಣಕೈವರೆಗೆ ಸರಿಸಿ, ಬೋಗುಣಿಗೆ ಇಳಿದು, ನೆನೆದ ಮಂಡಕ್ಕಿಯನ್ನು ಎತ್ತಿ ಹಿಂಡಿತು. ಮುಷ್ಟಿ ಬಿಚ್ಚಿದಾಗ ಮಂಡಕ್ಕಿ ಮುದ್ದೆಯಾಗದೆ ಬುಟ್ಟಿಯಲ್ಲಿ ಬಿಡಿಬಿಡಿಯಾಗಿ ಅರಳಿಕೊಂಡಿತು. ಮತ್ತೆ ಬಳೆ ಸರಿಸಿದಳು, ಮತ್ತೆ ಹಿಂಡಿದಳು. ಸಂಗೀತ ಯಾವಾಗ ಬರುತ್ತದೆ ಎಂದು ಸುಂಕಪ್ಪ ಗಟ್ಟಿಯಾಗಿಯೇ ಕೇಳಿದ. ಯಾರೋ ಶ್ ಎಂದರು. ಇದು ನಮ್ಮ ಶಿವಬಸಮ್ಮನ ಕೈಯಲ್ಲವೇ ಎಂದು ಮೇಳದಲ್ಲಿ ಗುಸುಗುಸು ಎದ್ದು, ಸ್ವಲ್ಪ ಹೊತ್ತಿಗೆ ಅದೂ ಅಡಗಿತು.

ಮಾಡಿನ ತಗಡಿನಲ್ಲಿ ಒಂದು ತೂತಿತ್ತು. ಅದನ್ನು ಮುಚ್ಚಿಸಿ ಎಂದು ಶಿವಬಸಮ್ಮ ನಾಲ್ಕು ಮಳೆಗಾಲದಿಂದ ಹೇಳುತ್ತಲೇ ಇದ್ದಳು. ಪರದೆಯ ಮೇಲೆ ಆ ತೂತಿನಿಂದ ಒಂದು ಕೋಲು ಬಿಸಿಲು ಇಳಿದು, ಬಾಣಲೆಯಿಂದ ಎದ್ದ ಹಬೆಯೊಳಗೆ ನಿಂತಿತ್ತು. ಹಬೆ ಸುತ್ತಿ ಸುತ್ತಿ ಮೇಲೆ ಹೋಗುತ್ತಿತ್ತು, ಅದರ ನಡುವೆ ಅವಳ ಕೈ ಅರಿಸಿನ ಉದುರಿಸಿತು. ಸಭಾಭವನದಲ್ಲಿ ಯಾರೋ ಆಹಾ ಎಂದರು. ಮುಚ್ಚಿಸದೆ ಇದ್ದದ್ದು ಒಳ್ಳೆಯದೇ ಆಯಿತು ಎಂದು ಮರಿಬಸಪ್ಪ ಆ ಹೆಗ್ಗಳಿಕೆಯನ್ನೂ ತನ್ನ ಲೆಕ್ಕಕ್ಕೇ ಹಾಕಿಕೊಂಡ. ಆದರೂ ಅವನ ಕಣ್ಣು ಪರದೆಯ ಅಂಚಿನಲ್ಲಿ ತನ್ನ ಪ್ರವೇಶವನ್ನು ಹುಡುಕುತ್ತಿತ್ತು. ಹುಡುಕುತ್ತ ಹುಡುಕುತ್ತ ಒಂದು ಸಂಗತಿ ಕಂಡಿತು. ಮಂಡಕ್ಕಿ ನೀರಿನಲ್ಲಿರುವಾಗ ಶಿವಬಸಮ್ಮನ ತುಟಿ ಅಲುಗುತ್ತಿತ್ತು. ಏನನ್ನೋ ಎಣಿಸುತ್ತಿದ್ದಳು. ಒಂದೇ ಮಾಡಿನ ಕೆಳಗೆ ಇಷ್ಟು ವರ್ಷ ಇದ್ದೂ ಇದು ತನಗೆ ತಿಳಿದಿರಲಿಲ್ಲವಲ್ಲ ಎಂದು ಬೆರಗಾಗಿ, ಪಕ್ಕದಲ್ಲಿ ಕೂತಿದ್ದ ಅವಳ ಕಡೆ ಬಾಗಿ, ಎಷ್ಟರವರೆಗೆ ಎಣಿಸುತ್ತಿ ಎಂದು ಕೇಳಿದ.

“ಸುಮ್ನಿರ್ರಿ, ನೋಡಾಕ ಬಿಡ್ರಿ,” ಎಂದಳು ಅವಳು, ಕಣ್ಣು ಕೀಳದೆ.

ಆಗ ಅವನ ಪ್ರವೇಶವಾಯಿತು. ರೇಷ್ಮೆ ಅಂಗಿ ಇರಲಿಲ್ಲ. ಮೊದಲ ದಿನವೇ, ಸಾಮಾನು ಬಿಚ್ಚುತ್ತ ಅನಿತಾ ಕ್ಯಾಮೆರಾ ಸರಿಯಿದೆಯೇ ಎಂದು ನೋಡುತ್ತಿದ್ದ ಹೊತ್ತಿನಲ್ಲಿ, ಅವನು ಇನ್ನೂ ಬನಿಯನ್ನಿನಲ್ಲಿ ಇದ್ದಾಗ ತೆಗೆದದ್ದು. ಮರಿಬಸಪ್ಪ ಹೊಸ್ತಿಲಿಗೆ ಬಂದು, ಒಳಗೆ ನೋಡದೆಯೇ ಅಂಗೈ ಚಾಚಿದ. ಶಿವಬಸಮ್ಮ ಬಾಣಲೆಯಿಂದ ಒಂದು ಚಿಟಿಕೆ ಒಗ್ಗರಣಿ ತೆಗೆದು ಅದರಲ್ಲಿಟ್ಟಳು. ಅವನು ಬಾಯಿಗೆ ಎಸೆದುಕೊಂಡು ರಸ್ತೆಯ ಕಡೆ ನೋಡುತ್ತ ಅಗಿಯತೊಡಗಿದ. ಯಾವುದೋ ಟ್ರ್ಯಾಕ್ಟರು ಹೋಯಿತು, ಅದರವನಿಗೆ ಕೈ ಎತ್ತಿದ. ಶಿವಬಸಮ್ಮ ಸೌಟು ಹಿಡಿದು ಅವನ ಮುಖ ನೋಡುತ್ತ ನಿಂತಿದ್ದಳು. ಕೆಲಸವೆಲ್ಲ ನಿಂತಿತ್ತು, ಒಲೆಯ ಉರಿಯೊಂದೇ ಅಲುಗುತ್ತಿತ್ತು. ಅವಳು ರೆಪ್ಪೆ ಬಡಿಯದೆ ಅವನ ದವಡೆಯನ್ನೂ ಗಂಟಲನ್ನೂ ನೋಡುತ್ತಿದ್ದಳು. ಅವನು ನುಂಗಿದ. ಒಂದು ಮಾತೂ ಆಡದೆ ಮುಂದಿನ ಭಾಗಕ್ಕೆ ಹೋದ. ಅವಳು ತಿರುಗಿ ಅರ್ಧ ಚಿಟಿಕೆ ಉಪ್ಪು ಹಾಕಿದಳು.

ಮರುದಿನದ ಬೆಳಗು ಬಂತು, ಆಗಲೂ ರೇಷ್ಮೆ ಅಂಗಿ ಮೈಗೆ ಏರಿರಲಿಲ್ಲ. ಅದೇ ಹೊಸ್ತಿಲು, ಅದೇ ಅಂಗೈ. ಅವನು ರಸ್ತೆ ನೋಡುತ್ತ ಅಗಿದ, ಅವಳು ಅವನನ್ನು ನೋಡಿದಳು. ಈ ಸಲ ನಿಂಬೆಹಣ್ಣು ಹಿಂಡಿದಳು. ಮೂರನೆಯ ಬೆಳಗಿನಲ್ಲಿ ಇನ್ನೂ ಹೆಚ್ಚು ಹೊತ್ತು ನೋಡಿದಳು. ಅವನು ಹೋದ ಮೇಲೆ ಉಪ್ಪು ಹುಳಿ ಏನನ್ನೂ ಹಾಕಲಿಲ್ಲ, ಕೊನೆಯದಾಗಿ ಹುರಿಗಡಲೆಯ ಪುಟಾಣಿ ಹಿಟ್ಟು ಉದುರಿಸಿ, ಸೌಟನ್ನು ಬಾಣಲೆಯ ಅಂಚಿಗೆ ಒಮ್ಮೆ ಬಡಿದಳು. ಅವಳ ಮುಖದಲ್ಲಿ ಒಂದು ಸಣ್ಣ ಗೆಲುವು ಬಂದು ಹೋಯಿತು. ಸಭೆಯಲ್ಲಿ ಮೆಲ್ಲಗೆ ನಗು ಹರಡಿತು, ಕುಚೋದ್ಯದ ನಗುವಲ್ಲ. ಸುಂಕಪ್ಪನೂ ನಕ್ಕ, ನಕ್ಕು ಯಾಕೋ ಮೂಗೊರೆಸಿಕೊಂಡ.

ಮರಿಬಸಪ್ಪ ನಗಲಿಲ್ಲ. ಅವನಿಗೆ ಮೊದಲು ನಾಚಿಕೆಯಾಯಿತು. ಪರದೆಯ ಮೇಲಿದ್ದ ಆ ಮನುಷ್ಯ ಒಮ್ಮೆ, ಒಂದೇ ಒಂದು ಸಲ, ಹಿಂತಿರುಗಿ ನೋಡಬಾರದಿತ್ತೇ ಎಂದು ಸಂಕಟವಾಯಿತು. ಟ್ರ್ಯಾಕ್ಟರಿನವನಿಗೆ ಎತ್ತಿದ ಕೈಯನ್ನು ಕಂಡು ಅಸಹ್ಯವಾಯಿತು. ಆಮೇಲೆ ನಿಧಾನಕ್ಕೆ ಇನ್ನೊಂದು ತಿಳಿಯಿತು, ತಿಳಿದು ಅವನ ಕಣ್ಣು ತುಂಬಿದವು. ಜನ ತನ್ನನ್ನು ನೋಡಬೇಕೆಂದು ಅವನು ಮೂವತ್ತು ವರ್ಷ ಮುಖಕ್ಕೆ ಬಣ್ಣ ಬಳಿದುಕೊಂಡು ಕೂಗಿದ್ದ, ಕುಣಿದಿದ್ದ. ಅವನು ಬಣ್ಣವಿಲ್ಲದೆ, ಮಾತಿಲ್ಲದೆ, ಬನಿಯನ್ನಿನಲ್ಲಿ ನಿಂತಿದ್ದಾಗ, ಒಬ್ಬಳು ದಿನಾ ಬೆಳಿಗ್ಗೆ ಕೈಯ ಕೆಲಸ ಬಿಟ್ಟು ನೋಡುತ್ತಲೇ ಇದ್ದಳು. ಅಷ್ಟು ಗಮನವಿಟ್ಟು ಅವನನ್ನು ಯಾವ ಊರಿನ ಮಂದಿಯೂ ನೋಡಿರಲಿಲ್ಲ.

ಇಪ್ಪತ್ತಮೂರು ನಿಮಿಷಕ್ಕೆ ಸಿನಿಮಾ ಮುಗಿಯಿತು. ದೀಪ ಹತ್ತಿದ್ದೇ ತಡ, ಸುಂಕಪ್ಪ ಎದ್ದು ಹೋಗಿ ಕಾರ್ಯಕ್ರಮದವರ ಕೈಯಿಂದ ಮೈಕು ಕಸಿದುಕೊಂಡು, ಕುರುಗೋಡಿನ ಬಯಲಾಟ ಮೇಳದ ವತಿಯಿಂದ ಕಲಾವಿದೆ ಶಿವಬಸಮ್ಮನವರಿಗೆ ಐವತ್ತು ರೂಪಾಯಿ ಎಂದು ಕೂಗಿದ. ಕನ್ನಡಕದ ಹಿರಿಯರು ಬೆಚ್ಚಿಬಿದ್ದರು. ಸುಂಕಪ್ಪ ಪಿನ್ನು ಹಿಡಿದು ಶಿವಬಸಮ್ಮನ ಮುಂದೆ ಬಂದು ನಿಂತಾಗಲೇ ಅವನಿಗೆ ತೊಡಕು ಹೊಳೆದದ್ದು. ಅವರ ಮೇಳದಲ್ಲಿ ಹೆಣ್ಣು ಪಾತ್ರಗಳನ್ನೂ ಗಂಡಸರೇ ಮಾಡುವುದರಿಂದ ನೋಟು ಎಲ್ಲಿ ಚುಚ್ಚಬೇಕೆಂಬ ಪ್ರಶ್ನೆ ಈವರೆಗೆ ಎದ್ದಿರಲಿಲ್ಲ. ಅವನು ಮುಂದೆಯೂ ಹೋಗದೆ ಹಿಂದೆಯೂ ಬರದೆ ನಿಂತ. ಶಿವಬಸಮ್ಮನೇ ಕೈ ಚಾಚಿ ನೋಟು ತೆಗೆದುಕೊಂಡಳು. ಪಿನ್ನನ್ನೂ ಬಿಡದೆ ಇಸಿದುಕೊಂಡು, ಕೆಲಸಕ್ಕೆ ಬರುತ್ತದೆ ಎಂದು ಬಳೆಗೆ ಸಿಕ್ಕಿಸಿಕೊಂಡಳು.

ಆಮೇಲೆ ಕಾಲೇಜಿನ ಮೇಷ್ಟರೊಬ್ಬರು ಎದ್ದು, ಹೊಸ್ತಿಲಲ್ಲಿ ನಿಲ್ಲುವ ಆ ಯಜಮಾನರ ಮೌನ ಅಭಿನಯ ಅದ್ಭುತವಾಗಿದೆ, ಅದಕ್ಕೆ ಅವರು ಹೇಗೆ ತಯಾರಿ ಮಾಡಿಕೊಂಡರು ಎಂದು ಕೇಳಿದರು. ಮೈಕು ಮರಿಬಸಪ್ಪನ ಕೈಗೆ ಬಂತು. ಮೇಳದವರು ಬೆನ್ನು ನೆಟ್ಟಗೆ ಮಾಡಿ ಕೂತರು, ಇನ್ನು ಮುಕ್ಕಾಲು ಗಂಟೆ ಎಂದು ಎಲ್ಲರಿಗೂ ಗೊತ್ತಿತ್ತು. ಹಂಪೇಶ ಎರಡೂ ಕಿವಿಯಲ್ಲಿ ಬೆರಳಿಟ್ಟುಕೊಂಡ. ಮರಿಬಸಪ್ಪ ಮೈಕನ್ನು ಒಂದು ಸಲ ನೋಡಿದ. ಕೆಮ್ಮಿದ.

“ನಾ ಏನೂ ಪಾರ್ಟು ಮಾಡಿಲ್ರಿ,” ಎಂದ. “ಉಪ್ಪು ನೋಡೀನಿ, ಅಷ್ಟ.”

ಚಪ್ಪಾಳೆ ಜೋರಾಗಿಯೇ ಬಿತ್ತು. ಮೇಷ್ಟರು ಅದನ್ನು ದೊಡ್ಡ ಮಾತೆಂದು ತಿಳಿದು ಪುಸ್ತಕದಲ್ಲಿ ಬರೆದುಕೊಂಡರು. ಮರಿಬಸಪ್ಪ ಮೈಕನ್ನು ಹಿಂದಕ್ಕೆ ಕೊಟ್ಟು ಕೂತುಬಿಟ್ಟ. ಕುರುಗೋಡು ಮುಟ್ಟುವವರೆಗೆ ಗಾಡಿಯಲ್ಲಿ ಅವನು ತುಟಿ ಬಿಚ್ಚದಿದ್ದದ್ದನ್ನು ನೋಡಿ ಸುಂಕಪ್ಪ, ಹುಷಾರಿಲ್ಲವೇ ಎಂದು ಎರಡು ಸಲ ಹಣೆ ಮುಟ್ಟಿ ನೋಡಿದ.

ಮರುದಿನ ಸೋಮವಾರ. ಬೆಳಿಗ್ಗೆ ಆರೂವರೆಗೆ ಮರಿಬಸಪ್ಪ ಹೊಸ್ತಿಲಿಗೆ ಬಂದು ಅಂಗೈ ಚಾಚಿದ. ಶಿವಬಸಮ್ಮ ಒಂದು ಚಿಟಿಕೆ ಇಟ್ಟಳು. ಅವನು ಬಾಯಿಗೆ ಹಾಕಿಕೊಂಡು, ರಸ್ತೆಗೆ ಬೆನ್ನು ಕೊಟ್ಟು, ಅವಳನ್ನೇ ನೋಡುತ್ತ ಅಗಿಯತೊಡಗಿದ. ಹತ್ತಿರದಿಂದ ನೋಡಿದರೆ ಅವಳ ಹಣೆಯ ವಿಭೂತಿ ಬೆವರಿಗೆ ಒಂದು ಕಡೆ ಕರಗಿತ್ತು. ಎಡಗಣ್ಣಿನ ಕೆಳಗೆ ಎಣ್ಣೆ ಸಿಡಿದ ಹಳೆಯ ಕಲೆಯೊಂದಿತ್ತು. ಶಿವಬಸಮ್ಮ ಸೌಟು ಹಿಡಿದು ನಿಂತವಳು ಒಂದು ಸಲ ನೋಡಿದಳು, ತಲೆ ತಗ್ಗಿಸಿದಳು, ಮತ್ತೆ ನೋಡಿದಳು. ಉಪ್ಪಿನ ಡಬ್ಬಿಗೆ ಕೈ ಹಾಕಿ ವಾಪಸು ತೆಗೆದಳು. ನಿಂಬೆಹಣ್ಣು ಎತ್ತಿಕೊಂಡು ಅದನ್ನೂ ಕೆಳಗಿಟ್ಟಳು. ಹೊರಗೆ ಬೆಂಚಿನ ಮೇಲೆ ಕೂತವರು ಒಗ್ಗರಣಿ ಎಲ್ಲಿ ಎಂದು ಕೇಳುತ್ತಿದ್ದರು. ಅವಳ ಮುಖ ಕೆಂಪಾಯಿತು.

“ಆ ಕಡಿ ನೋಡ್ರಿ,” ಎಂದಳು. “ನೀವು ನನ್ನ ನೋಡಿದ್ರ ನನಗ ಉಪ್ಪು ಗೊತ್ತಾಗವಲ್ದು.”

ಮರಿಬಸಪ್ಪ ಹೇಳಿದ ಹಾಗೆ ಕೇಳಿ ರಸ್ತೆಯ ಕಡೆ ತಿರುಗಿ ನಿಂತ. ಟ್ರ್ಯಾಕ್ಟರಿನವನು ಹೋಗುತ್ತ ಕೈ ಎತ್ತಿದ, ಇವನು ಎತ್ತಲಿಲ್ಲ. ಅಗಿಯುವುದನ್ನು ಮಾತ್ರ ಅವತ್ತು ಸ್ವಲ್ಪ ನಿಧಾನ ಮಾಡಿದ.